ಎಣ್ಣೆಗೆ ಸಿಗದ್ದು ನೀರಿಗೆ ಸಿಕ್ಕಿತು

ದಾಳಿಂಬೆ ಕಾಯಿ ನಿಂಬೆಹಣ್ಣಿನ ಗಾತ್ರ ದಾಟುವ ಹೊತ್ತಿಗೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ತುಮಕೂರು ಜಿಲ್ಲೆಯ ಐ.ಡಿ.ಹಳ್ಳಿ ಕಡೆಯ ಬೆಳೆಗಾರರಿಗೆ ನಿದ್ದೆ ಹತ್ತುವುದಿಲ್ಲ. ವರ್ಷವಿಡೀ ಮಳೆಗಾಗಿ ಆಕಾಶ ನೋಡುವ ಸೀಮೆಯವರು ಮಳೆ ಬಂತೆಂದು ಹೆದರುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ನಾಲ್ಕೂ ಬಯಲುಸೀಮೆಯ ಒಣ ತಾಲ್ಲೂಕುಗಳು. ಮಳೆ ನೆಚ್ಚಿದ ಹೊಲಕ್ಕೆ ಕಡಲೆಕಾಯಿ, ರಾಗಿ. ಬೋರ್‌ವೆಲ್ಲಿನಲ್ಲಿ ನಾಲ್ಕು ಹನಿ ನೀರು ಸಿಕ್ಕವರಿಗೆ ಡ್ರಿಪ್ಪಿನಲ್ಲಿ ದಾಳಿಂಬೆ. ಈ ಗಿಡ ಇಲ್ಲಿಗೆ ಹೊಂದಿಕೊಂಡಿದ್ದೇ ಒಣಹವೆಗೆ. ಅದೇ ಹವೆಯಲ್ಲಿ ತೇವ ಏರಿತೋ, ಕಾಯಿಯ ಸಿಪ್ಪೆಯ ಮೇಲೆ ಎಣ್ಣೆ ಸಿಡಿದ ಹಾಗೆ ಒಂದು ಸಣ್ಣ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಚುಕ್ಕೆ ಕಪ್ಪಾಗುತ್ತದೆ, ಪಕ್ಕದ ಚುಕ್ಕೆಯೊಂದಿಗೆ ಕೂಡಿಕೊಳ್ಳುತ್ತದೆ, ಕೊನೆಗೆ ಕಾಯಿ ಅಡ್ಡಾದಿಡ್ಡಿ ಸೀಳಿಬಿಡುತ್ತದೆ.

ಇದು ದುಂಡಾಣು ಅಂಗಮಾರಿ. ಮಹಾರಾಷ್ಟ್ರದವರು ತೇಲ್ಯಾ ಎನ್ನುತ್ತಾರೆ. ಕ್ಸಾಂಥೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಳೆಹನಿ ಸಿಡಿದಲ್ಲೆಲ್ಲ ರೋಗ ಹೋಗುತ್ತದೆ. ಚಾಟ್ನಿ ಮಾಡುವ ಕತ್ತರಿಯ ಬೆನ್ನೇರಿಯೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಎರಡು ದಶಕದ ಹಿಂದೆ ಉತ್ತರ ಕರ್ನಾಟಕದ ಕೊಪ್ಪಳ, ಬಾಗಲಕೋಟೆ, ವಿಜಯಪುರಗಳಲ್ಲಿ ಸಾಲ ಮಾಡಿ ಕಟ್ಟಿದ ತೋಟಗಳನ್ನು ಜನ ಕಣ್ಣೀರು ಹಾಕುತ್ತ ಬುಡಸಮೇತ ಕಿತ್ತದ್ದು ಇದೇ ರೋಗದಿಂದ.

ಚುಕ್ಕೆ ಕಂಡ ದಿನ ಬೆಳೆಗಾರ ಮೊದಲು ಹೋಗುವುದು ಗೊಬ್ಬರದಂಗಡಿಗೆ. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಊರಿನಲ್ಲೂ ಒಂದೇ.

‘ಕಾಯಿಗೆ ಚುಕ್ಕೆ ಬಂದೈತೆ ಕಣಣ್ಣ, ಏನಾದ್ರೂ ಕೊಡು.’

‘ಕಾಪರ್ ಹೊಡೀತಾ ಇದೀರಲ್ಲ, ಅದಕ್ಕೇ ಈ ಸಣ್ಣ ಪ್ಯಾಕೆಟ್ ಒಂದು ಹಾಕ್ಕೊಂಡ್ಬಿಡಿ ಯಜಮಾನ್ರೇ.’

ಆ ಸಣ್ಣ ಪ್ಯಾಕೆಟ್ಟಿನಲ್ಲಿ ಬಹುಕಾಲ ಇದ್ದದ್ದು ಸ್ಟ್ರೆಪ್ಟೊಸೈಕ್ಲಿನ್. ತೊಂಬತ್ತು ಭಾಗ ಸ್ಟ್ರೆಪ್ಟೊಮೈಸಿನ್, ಹತ್ತು ಭಾಗ ಟೆಟ್ರಾಸೈಕ್ಲಿನ್. ಲೀಟರಿಗೆ ಅರ್ಧ ಗ್ರಾಂ ಲೆಕ್ಕದಲ್ಲಿ ಡ್ರಮ್ಮಿಗೆ ಸುರಿದು ಕಲಕಿ ಹೊಡೆಯುವುದು ವಾಡಿಕೆ. ಈ ಮಿಶ್ರಣಕ್ಕೆ ಸೇಬು, ಟೊಮೆಟೊ, ಭತ್ತದಂತಹ ಕೆಲವೇ ಬೆಳೆಗಳಿಗೆ ನೋಂದಣಿ ಇತ್ತು, ದಾಳಿಂಬೆಗೆ ಇರಲಿಲ್ಲ ಎನ್ನುವುದು ಪ್ಯಾಕೆಟ್ಟಿನ ಹಿಂಬದಿಯ ಸಣ್ಣಕ್ಷರದ ವಿಷಯ. ಚುಕ್ಕೆ ಎದುರಿಗಿರುವಾಗ ಸಣ್ಣಕ್ಷರ ಓದುವ ತಾಳ್ಮೆ ಯಾರಿಗಿರುತ್ತದೆ?

ಸ್ಟ್ರೆಪ್ಟೊಮೈಸಿನ್ ಎಂಬ ಹೆಸರು ತುಮಕೂರು ಜಿಲ್ಲೆಯ ಹಿರಿಯರಿಗೆ ಹೊಸದೇನಲ್ಲ. ಕ್ಷಯಕ್ಕೆ ತೊಡೆಗೋ ಸೊಂಟಕ್ಕೋ ದಿನಾ ಚುಚ್ಚುತ್ತಿದ್ದ ಸೂಜಿಮದ್ದು ಅದೇ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಸಂಸ್ಥೆ ತನ್ನ ಮೊದಲ ದೊಡ್ಡ ಸಮೀಕ್ಷೆಗಳಲ್ಲೊಂದನ್ನು 1960–61ರಲ್ಲಿ ನಡೆಸಿದ್ದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ. ಗ್ರಾಮೀಣ ಭಾರತದಲ್ಲಿ ಕ್ಷಯ ಎಷ್ಟಿದೆ ಎಂದು ಲೆಕ್ಕ ಹಾಕುವವರು ಇಂದಿಗೂ ತುಮಕೂರಿನ ಆ ಅಂಕಿಗಳ ಕಡೆಗೊಮ್ಮೆ ತಿರುಗಿ ನೋಡುತ್ತಾರೆ. ಆಸ್ಪತ್ರೆಯ ಮದ್ದು ಕಾಲಕ್ರಮದಲ್ಲಿ ತೋಟದ ಡ್ರಮ್ಮಿಗೆ ಬಂದು ಬಿದ್ದಿತು. ಮನುಷ್ಯನ ಮೈಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದು ಗಿಡದ ಮೈಯಲ್ಲೂ ಕೊಲ್ಲಲಿ ಎಂಬ ತರ್ಕ ಸರಳವಾಗಿಯೇ ಇದೆ.

ಹಾಗಾದರೆ ಹಣ್ಣಿನಲ್ಲಿ ಆ ಮದ್ದು ಉಳಿದಿದೆಯೇ? ‘ಲ್ಯಾಬಿಗೆ ಕಳಿಸಿದ್ದೆವು, ರಿಪೋರ್ಟಿನಲ್ಲಿ ಏನೂ ಇಲ್ಲ’ ಎನ್ನುವ ಉತ್ತರ ನಮ್ಮಲ್ಲಿ ಬಹಳ ಸುಲಭವಾಗಿ ಸಿಗುತ್ತದೆ. ನನ್ನ ತಕರಾರು ಆ ಉತ್ತರದ ಮೇಲೆ. ಶೇಷ ಪರೀಕ್ಷೆಯ ವರದಿಯಲ್ಲಿ ನೂರಾರು ಕೀಟನಾಶಕಗಳ ಹೆಸರು ಸಾಲಾಗಿರುತ್ತವೆ, ಪ್ರತಿಯೊಂದರ ಮುಂದೆ ‘ಪತ್ತೆಯಾಗಿಲ್ಲ’ ಎಂದಿರುತ್ತದೆ. ಓದುವವನಿಗೆ ಹಣ್ಣು ಪವಿತ್ರವಾದಂತೆ ತೋರುತ್ತದೆ. ಆದರೆ ಸ್ಟ್ರೆಪ್ಟೊಮೈಸಿನ್ ಆ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹುಡುಕದೇ ಇದ್ದುದು ಪತ್ತೆಯಾಗುವುದಾದರೂ ಹೇಗೆ? ಹುಡುಕದೇ ಇರುವುದಕ್ಕೆ ಉದಾಸೀನವಷ್ಟೇ ಕಾರಣವಲ್ಲ. ಮಾಮೂಲಿ ಯಂತ್ರಕ್ಕೆ ಅದನ್ನು ಹಿಡಿಯುವ ಕೈಯೇ ಇಲ್ಲ.

ಇದು ಅರ್ಥವಾಗಬೇಕಾದರೆ ಪ್ರಯೋಗಾಲಯದೊಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಹಣ್ಣನ್ನು ರುಬ್ಬಿ, ಅದರಲ್ಲಿರುವ ಸಾವಿರಾರು ವಸ್ತುಗಳಿಂದ ನಮಗೆ ಬೇಕಾದ ಒಂದನ್ನು ಬೇರ್ಪಡಿಸುವ ಕೆಲಸ ಕ್ರೊಮ್ಯಾಟೊಗ್ರಫಿಯದು. ಬೆರಳುದ್ದದ ಒಂದು ಉಕ್ಕಿನ ಕೊಳವೆ. ಅದರ ತುಂಬ ಮಿಲಿಮೀಟರಿನ ಸಾವಿರದ ಎರಡು-ಮೂರನೇ ಭಾಗದಷ್ಟು ಸಣ್ಣ ಸಿಲಿಕಾ ಕಣಗಳು. ಈ ಕೊಳವೆಗೆ ಲ್ಯಾಬಿನವರು ಕಾಲಂ ಎನ್ನುತ್ತಾರೆ. ಅದರ ಮೂಲಕ ಭಾರೀ ಒತ್ತಡದಲ್ಲಿ ದ್ರಾವಕವನ್ನು ಹರಿಸಿ, ಅದರ ಜೊತೆಗೆ ಹಣ್ಣಿನ ಸಾರದ ಒಂದು ಹನಿಯನ್ನೂ ಬಿಡುತ್ತಾರೆ. ಕಣಗಳ ಮೇಲ್ಮೈಗೆ ಅಂಟಿಕೊಳ್ಳುತ್ತ ಬಿಡುತ್ತ ಬರುವ ವಸ್ತು ತಡವಾಗಿ ಹೊರಬರುತ್ತದೆ, ಅಂಟದ್ದು ಬೇಗ ಬರುತ್ತದೆ. ಹೊರಬರುವ ಹೊತ್ತನ್ನು ನೋಡಿ, ಆಮೇಲೆ ಅಣುವಿನ ತೂಕ ನೋಡಿ, ಇಂಥದ್ದೇ ಎಂದು ಗುರುತು ಹಿಡಿಯುತ್ತಾರೆ.

ಈಗ ಎಲ್ಲೆಡೆ ಬಳಕೆಯಲ್ಲಿರುವ ಕಾಲಂ ಹೆಸರು ಸಿ-18. ಸಿಲಿಕಾ ಕಣದ ಮೈಮೇಲೆ ಹದಿನೆಂಟು ಇಂಗಾಲದ ಸರಪಳಿಗಳನ್ನು ಕೂದಲಿನಂತೆ ನೆಟ್ಟಿರುತ್ತಾರೆ. ಆ ಮೇಲ್ಮೈ ಎಣ್ಣೆಯ ಗುಣದ್ದು. ಎಣ್ಣೆಯ ಗುಣದ ವಸ್ತುಗಳು ಅಲ್ಲಿ ನಿಂತು ನಿಂತು ಬರುತ್ತವೆ. ಕೀಟನಾಶಕಗಳಲ್ಲಿ ಬಹುಪಾಲು ಹಾಗೆಯೇ ಇರುವುದರಿಂದ ಈ ಏರ್ಪಾಡು ಚೆನ್ನಾಗಿ ನಡೆಯಿತು.

ನಮ್ಮ ಕಡಲೆಕಾಯಿಗಂತೂ ಇದು ಹೇಳಿಮಾಡಿಸಿದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತುಬಿದ್ದು, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟಿನ ವಿಷ ಕಾರಣವೆಂದು ತಿಳಿದ ಮೇಲೆ, ಅಫ್ಲಾಟಾಕ್ಸಿನ್ ಎಂಬ ಹೆಸರು ಕಡಲೆಕಾಯಿ ವ್ಯಾಪಾರವನ್ನು ಬಿಟ್ಟು ಹೋಗಿಯೇ ಇಲ್ಲ. ನೇರವಾಗಿ ತಿನ್ನುವ ಕಡಲೆಕಾಯಿಯ ಒಂದು ಕೆ.ಜಿ.ಯಲ್ಲಿ ಎಲ್ಲ ಬಗೆಯ ಅಫ್ಲಾಟಾಕ್ಸಿನ್ ಸೇರಿ 4 ಮೈಕ್ರೋಗ್ರಾಂ ಮೀರಕೂಡದೆಂದು ಐರೋಪ್ಯ ಒಕ್ಕೂಟ ಹೇಳುತ್ತದೆ. ಅಷ್ಟನ್ನೂ ಸಿ-18 ಕಾಲಂ ಸಲೀಸಾಗಿ ಹಿಡಿದುಕೊಡುತ್ತದೆ, ಏಕೆಂದರೆ ಅಫ್ಲಾಟಾಕ್ಸಿನ್ ನೀರಿಗಿಂತ ಸಾವಯವ ದ್ರಾವಕಗಳಲ್ಲಿ ಕರಗಲು ಇಷ್ಟಪಡುವ ಅಣು. ಅದೇ ಹೊಲದ ಬದುವಿನಾಚೆಯ ದಾಳಿಂಬೆಗೆ ಹೊಡೆದ ಸ್ಟ್ರೆಪ್ಟೊಮೈಸಿನ್ನಿನ ಸ್ವಭಾವ ಪೂರಾ ತದ್ವಿರುದ್ಧ. ಅದು ಸಕ್ಕರೆಯ ಸಂಬಂಧಿ. ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳು, ಜೊತೆಗೆ ಸದಾ ಧನಾವೇಶ ಹೊತ್ತಿರುವ ಎರಡು ಗ್ವಾನಿಡೀನ್ ಗುಂಪುಗಳು. ನೀರನ್ನು ಬಿಟ್ಟು ಅದು ಕದಲುವುದಿಲ್ಲ.

ಬೇಸಿಗೆಯಲ್ಲಿ ಮಧುಗಿರಿ ರಸ್ತೆಯುದ್ದಕ್ಕೂ ಬರೀ ಎಣ್ಣೆಗಾಣಗಳೇ ಇವೆ ಎಂದುಕೊಳ್ಳಿ. ಎಣ್ಣೆ ಬೇಕಾದವರು ಪ್ರತಿ ಗಾಣದ ಮುಂದೆಯೂ ನಿಲ್ಲುತ್ತಾರೆ. ಬಾಯಾರಿದವನು ಎಲ್ಲೂ ನಿಲ್ಲದೆ ಊರು ದಾಟಿಬಿಡುತ್ತಾನೆ. ಅವನನ್ನು ನಿಲ್ಲಿಸಬೇಕಾದರೆ ಗಾಣ ತೆಗೆದು ಅರವಟ್ಟಿಗೆ ಇಡಬೇಕು.

ಸಿ-18 ಕಾಲಂನಲ್ಲಿ ಸ್ಟ್ರೆಪ್ಟೊಮೈಸಿನ್ ಹೀಗೆ ನಿಲ್ಲದೆ ಹೊರಬರುವಾಗ ಒಂಟಿಯಾಗಿಯೂ ಬರುವುದಿಲ್ಲ. ಹಣ್ಣಿನ ಸಕ್ಕರೆ, ಆಮ್ಲ, ಲವಣ ಎಲ್ಲವೂ ನೀರಿನ ಬಳಗವೇ ಆದ್ದರಿಂದ ಅವೂ ಅದೇ ಕ್ಷಣದಲ್ಲಿ ನುಗ್ಗುತ್ತವೆ. ಮಾಗಿದ ದಾಳಿಂಬೆ ರಸದಲ್ಲಿ ನೂರಕ್ಕೆ ಹದಿನೈದರಷ್ಟು ಸಕ್ಕರೆಯಂತಹ ಕರಗಿದ ವಸ್ತುಗಳೇ ಇರುತ್ತವೆ. ಆ ಗದ್ದಲದ ನಡುವೆ ಕೋಟಿಗೊಂದರ ಲೆಕ್ಕದಲ್ಲಿರುವ ಮದ್ದಿನ ಸದ್ದು ತೂಕದ ಯಂತ್ರಕ್ಕೆ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರಿಗೆ, ಕೇಳಿಸುವುದಿಲ್ಲ. ಯಂತ್ರ ಕೆಟ್ಟಿರುವುದಿಲ್ಲ, ಸೊನ್ನೆ ತೋರಿಸುತ್ತದೆ.

ಕಾಲಂವರೆಗೆ ಹೋಗುವ ಮುಂಚೆಯೇ ಇನ್ನೊಂದು ಜರಡಿಯಿದೆ. 2003ರಲ್ಲಿ ಮಿಕೆಲಾಂಜೆಲೊ ಅನಸ್ತಾಸಿಯಾಡೆಸ್ ಮತ್ತು ಸ್ಟೀವನ್ ಲೆಹೊಟೆ ಪ್ರಕಟಿಸಿದ ಕ್ವೆಚರ್ಸ್ ವಿಧಾನ ಇವತ್ತು ಜಗತ್ತಿನ ಶೇಷ ಪರೀಕ್ಷೆಯ ಬೆನ್ನೆಲುಬು. ರುಬ್ಬಿದ ಹಣ್ಣಿಗೆ ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದು, ಉಪ್ಪು ಹಾಕಿ ಕುಲುಕಿದರೆ ನೀರು ಕೆಳಗೆ, ದ್ರಾವಕ ಮೇಲೆ ಬೇರಾಗುತ್ತವೆ. ಕೀಟನಾಶಕಗಳು ಮೇಲಿನ ಪದರಕ್ಕೆ ಬಂದಿರುತ್ತವೆ. ಅದನ್ನು ಇಟ್ಟುಕೊಂಡು ಕೆಳಗಿನ ನೀರನ್ನು ಚೆಲ್ಲುತ್ತಾರೆ. ನೀರನ್ನು ಬಿಡದ ಮದ್ದು ಚೆಲ್ಲಿದ ನೀರಿನೊಂದಿಗೆ ಸಿಂಕಿಗೆ ಹೋಯಿತು. ಈ ಕೊರತೆಯನ್ನು ತುಂಬಲು ಕೈಹಾಕಿದವರು ಕೂಡ ಅದೇ ಅನಸ್ತಾಸಿಯಾಡೆಸ್. ಜರ್ಮನಿಯ ಸ್ಟುಟ್‌ಗಾರ್ಟ್‌ನ ಪ್ರಯೋಗಾಲಯದಲ್ಲಿ ಅವರ ತಂಡ ಕ್ಯುಪ್ಪೆ ಎಂಬ ಇನ್ನೊಂದು ವಿಧಾನ ಕಟ್ಟಿತು. ಅದರಲ್ಲಿ ಪದರ ಬೇರ್ಪಡಿಸುವ ಮಾತೇ ಇಲ್ಲ. ಆಮ್ಲ ಬೆರೆಸಿದ ಮೆಥನಾಲಿನಲ್ಲಿ ಹಣ್ಣನ್ನು ಕುಲುಕಿ, ನೀರು ಸಹಿತ ಎಲ್ಲವನ್ನೂ ಉಳಿಸಿಕೊಳ್ಳುತ್ತಾರೆ. ತಾನು ಕಟ್ಟಿದ ಮನೆಯಲ್ಲಿ ಕಿಟಕಿಯಿಲ್ಲ ಎಂದು ತಾನೇ ಹೇಳಿ ಗೋಡೆ ಒಡೆಯುವ ವಿಜ್ಞಾನಿಗಳ ಮೇಲೆ ನನಗೆ ವಿಶೇಷ ಗೌರವ.

ಉಳಿಸಿಕೊಂಡದ್ದನ್ನು ಹಿಡಿಯಲು ಬೇಕಾದ ಕಾಲಂ ಯಾವುದು? ಅದೇ ಹಿಲಿಕ್. ನೀರೊಲವಿನ ಕ್ರೊಮ್ಯಾಟೊಗ್ರಫಿ ಎನ್ನಬಹುದು. ಇಲ್ಲಿ ಸಿಲಿಕಾ ಕಣದ ಮೇಲೆ ಎಣ್ಣೆಯ ಸರಪಳಿ ಇಲ್ಲ. ಬರಿಯ ಸಿಲಿಕಾ ಇರಬಹುದು, ಅಮೈಡ್ ಇರಬಹುದು, ಧನ ಋಣ ಎರಡೂ ಆವೇಶಗಳನ್ನು ಒಟ್ಟಿಗೆ ಹೊತ್ತ ಗುಂಪುಗಳಿರಬಹುದು. ಎಲ್ಲವೂ ನೀರನ್ನು ಎಳೆದುಕೊಳ್ಳುವಂಥವೇ. ಹರಿಯುವ ದ್ರಾವಕದಲ್ಲಿ ಬಹುಪಾಲು ಅಸಿಟೋನೈಟ್ರೈಲ್, ಸಾಮಾನ್ಯವಾಗಿ ನೂರಕ್ಕೆ ಅರವತ್ತರಿಂದ ತೊಂಬತ್ತೈದು ಭಾಗ, ಉಳಿದದ್ದು ನೀರು. ಆ ಅಲ್ಪ ನೀರಿನಲ್ಲಿ ಸ್ವಲ್ಪ ಭಾಗ ಕಣಗಳ ಮೈಗೆ ಅಂಟಿ ತೆಳುವಾದ ಪದರವಾಗಿ ನಿಲ್ಲುತ್ತದೆ. ಸ್ಟ್ರೆಪ್ಟೊಮೈಸಿನ್ ಬಂದಾಗ ಸುತ್ತಲೂ ತನಗೊಗ್ಗದ ಅಸಿಟೋನೈಟ್ರೈಲ್, ಪಕ್ಕದಲ್ಲೇ ನೀರಿನ ಪದರ. ಅಣು ಅದರೊಳಗೆ ಇಳಿಯುತ್ತದೆ, ಹೊರಬರುತ್ತದೆ, ಮತ್ತೆ ಇಳಿಯುತ್ತದೆ. ಅದು ನೀರನ್ನು ಎಷ್ಟು ಬಯಸುತ್ತದೆಯೋ ಅಷ್ಟು ತಡ. ಸಾಲದ್ದಕ್ಕೆ ಕಣದ ಮೇಲ್ಮೈಯ ಆವೇಶವೂ ಅದನ್ನು ಜಗ್ಗುತ್ತದೆ. ಹಣ್ಣಿನ ಸಕ್ಕರೆ ಅದಕ್ಕಿಂತ ಮುಂಚೆ ಹೊರಬಿದ್ದಿರುತ್ತದೆ. ಆಮೇಲೆ ದ್ರಾವಕದಲ್ಲಿ ನೀರಿನ ಪಾಲು ಹೆಚ್ಚಿಸುತ್ತ ಹೋದರೆ ಮದ್ದು ಹಿಡಿತ ಬಿಟ್ಟು ಶಾಂತವಾಗಿ ಒಂಟಿಯಾಗಿ ಬರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ 582 ತೂಕದ ಅಯಾನನ್ನು ಆರಿಸಿ, ಅದನ್ನು ಒಡೆದು, 263 ತೂಕದ ಚೂರು ಸಿಕ್ಕಿತೇ ಎಂದು ನೋಡುತ್ತದೆ. ಸಿಕ್ಕರೆ ಅನುಮಾನವಿಲ್ಲ.

ಈ ತಂತ್ರಕ್ಕೆ ಹೆಸರಿಟ್ಟವರು ಅಮೆರಿಕದ ಆಂಡ್ರ್ಯೂ ಆಲ್ಪರ್ಟ್, 1990ರಲ್ಲಿ. ಹೆಸರು ಹೊಸದು, ವಿದ್ಯೆ ಹಳೆಯದು. 1975ರ ಹೊತ್ತಿಗೇ ಸಕ್ಕರೆಗಳನ್ನು ಬೇರ್ಪಡಿಸಲು ಹೀಗೆ ಅಸಿಟೋನೈಟ್ರೈಲಿಗೆ ನೀರು ಬೆರೆಸಿ ಹರಿಸುವುದು ರೂಢಿಗೆ ಬಂದಿತ್ತು. ಇನ್ನೂ ಹಿಂದಕ್ಕೆ ಹೋದರೆ 1941. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆ ಉದ್ಯಮದ ಸಂಶೋಧನಾ ಕೇಂದ್ರದಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಉಣ್ಣೆಯ ಅಮೈನೊ ಆಮ್ಲಗಳನ್ನು ಬೇರ್ಪಡಿಸಲು ಒದ್ದಾಡುತ್ತಿದ್ದರು. ಸಿಲಿಕಾ ಜೆಲ್‌ಗೆ ನೀರು ಕುಡಿಸಿ, ಅದರ ಮೇಲೆ ಕ್ಲೋರೋಫಾರಂ ಹರಿಸಿದಾಗ ಕೆಲಸ ಆಯಿತು. ನಿಂತ ನೀರು, ಹರಿಯುವ ದ್ರಾವಕ, ನಡುವೆ ಅಲೆದಾಡುವ ಅಣು. ಆಧುನಿಕ ಕ್ರೊಮ್ಯಾಟೊಗ್ರಫಿ ಹುಟ್ಟಿದ್ದೇ ನೀರಿನ ಪದರದಲ್ಲಿ. ಆಮೇಲೆ ಎಣ್ಣೆಯ ಕಾಲಂ ಅನುಕೂಲವೆಂದು ಜಗತ್ತೆಲ್ಲ ಅತ್ತ ವಾಲಿತು. ಅದಕ್ಕೆ ಹಳೆಯ ಮಾಮೂಲಿಗೆ ತಿರುವುಮುರುವಾದದ್ದೆಂಬ ಅರ್ಥದಲ್ಲಿ ‘ರಿವರ್ಸ್ಡ್ ಫೇಸ್’ ಎಂದು ಹೆಸರಿಟ್ಟರು. ಈಗ ಆ ತಿರುವುಮುರುವೇ ಮಾಮೂಲಿ.

ಮಾರ್ಟಿನ್, ಸಿಂಜ್ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 1952ರಲ್ಲಿ. ಅದೇ ವರ್ಷ ವೈದ್ಯಕೀಯದ ನೊಬೆಲ್ ಪಡೆದವರು ಸೆಲ್ಮನ್ ವ್ಯಾಕ್ಸ್‌ಮನ್, ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದಕ್ಕೆ. (1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಕೈಯಾರೆ ಬೇರ್ಪಡಿಸಿದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್‌ಗೆ ಪಾಲು ಸಿಗಲಿಲ್ಲ, ಆ ಜಗಳ ಕೋರ್ಟು ಮೆಟ್ಟಿಲನ್ನೂ ಹತ್ತಿತ್ತು.) ಮದ್ದಿಗೂ ಅದನ್ನು ಪತ್ತೆಹಚ್ಚುವ ವಿದ್ಯೆಯ ಮೂಲಕ್ಕೂ ಒಂದೇ ವರ್ಷ ಸನ್ಮಾನ. ಇನ್ನೂ ಒಂದಿದೆ. ಭಾರತದಲ್ಲಿ ದಾಳಿಂಬೆಯ ದುಂಡಾಣು ರೋಗ ಮೊದಲ ಬಾರಿಗೆ ವರದಿಯಾದದ್ದೂ 1952ರಲ್ಲೇ, ದೆಹಲಿಯಿಂದ. ಜಾತಕ ಬರೆಯುವವರು ಇಂಥದ್ದನ್ನು ಬಿಡುತ್ತಿರಲಿಲ್ಲ. ಮೂರೂ ಎಳೆ ಒಂದೇ ತೋಟದಲ್ಲಿ ಗಂಟುಬೀಳಲು ಅರ್ಧ ಶತಮಾನ ಹಿಡಿಯಿತು.

ಹಿಲಿಕ್‌ಗೆ ಆಹಾರ ಪರೀಕ್ಷೆಯ ಲೋಕದಲ್ಲಿ ಮರ್ಯಾದೆ ತಂದುಕೊಟ್ಟದ್ದು ಹಾಲು. 2008ರಲ್ಲಿ ಚೀನಾದ ಹಾಲಿನ ಪುಡಿಯಲ್ಲಿ ಮೆಲಮೈನ್ ಸಿಕ್ಕಿತು. ಸುಮಾರು ಮೂರು ಲಕ್ಷ ಶಿಶುಗಳು ಕಾಯಿಲೆ ಬಿದ್ದವು, ಆರು ಮಕ್ಕಳು ಸತ್ತರು. ಪ್ಲಾಸ್ಟಿಕ್ ತಟ್ಟೆಗೆ ಬಳಸುವ ಮೆಲಮೈನನ್ನು ಹಾಲಿಗೆ ಯಾರಾದರೂ ಯಾಕೆ ಹಾಕುತ್ತಾರೆ? ಕಾರಣ ಪರೀಕ್ಷೆಯಲ್ಲೇ ಇತ್ತು. 1883ರಷ್ಟು ಹಳೆಯದಾದ ಕೆಲ್ಡಾಲ್ ವಿಧಾನ ಪ್ರೊಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು, ಹಾಲಾದರೆ 6.38ರಿಂದ ಗುಣಿಸಿ, ಪ್ರೊಟೀನ್ ಇಷ್ಟೆಂದು ಬರೆಯುತ್ತದೆ. ಮೆಲಮೈನಿನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ನೀರು ಬೆರೆಸಿದ ಹಾಲಿಗೆ ಒಂದು ಗ್ರಾಂ ಹಾಕಿದರೆ ಪರೀಕ್ಷೆಗೆ ಅದು ನಾಲ್ಕು ಗ್ರಾಂಗೂ ಹೆಚ್ಚು ಪ್ರೊಟೀನಿನಂತೆ ಕಾಣುತ್ತದೆ. ಪರೀಕ್ಷೆಯ ಕುರುಡು ಎಲ್ಲಿದೆ ಎಂದು ಕಳ್ಳನಿಗೆ ಲ್ಯಾಬಿನವರಿಗಿಂತ ಚೆನ್ನಾಗಿ ಗೊತ್ತಿತ್ತು. ಮೆಲಮೈನೂ ನೀರಿನ ಬಳಗದ್ದೇ, ಸಿ-18ರಲ್ಲಿ ನಿಲ್ಲದು. ಆಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸೇರಿದಂತೆ ಹಲವರು ಹಿಲಿಕ್ ಕಾಲಂ ಕೈಗೆತ್ತಿಕೊಂಡರು. 2010ರಲ್ಲಿ ಜಾಗತಿಕ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್ ಶಿಶು ಆಹಾರದ ಪುಡಿಗೆ ಕೆ.ಜಿ.ಗೆ 1 ಮಿಲಿಗ್ರಾಂ, ಇತರ ಆಹಾರಕ್ಕೆ 2.5 ಮಿಲಿಗ್ರಾಂ ಮಿತಿ ಹಾಕಿತು. ಮೆಲಮೈನನ್ನೇ ನೇರವಾಗಿ ಅಳೆದು ತೋರಿಸುವ ವಿಧಾನವಿಲ್ಲದಿದ್ದರೆ ಆ ಮಿತಿ ಕಾಗದದ ಮೇಲಷ್ಟೇ ಉಳಿಯುತ್ತಿತ್ತು.

ಅದೇ 2008ರ ಕೊನೆಗೆ ಲ್ಯಾಬುಗಳಿಗೆ ಇನ್ನೊಂದು ಪೆಟ್ಟು ಬಿತ್ತು. ಅಸಿಟೋನೈಟ್ರೈಲ್ ಮಾರುಕಟ್ಟೆಯಿಂದ ಮಾಯವಾಯಿತು. ಇದರಲ್ಲಿ ಬಹುಪಾಲನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಅಕ್ರಿಲಿಕ್ ನೂಲಿಗೂ ಕಾರಿನ ಬಿಡಿಭಾಗದ ಪ್ಲಾಸ್ಟಿಕ್ಕಿಗೂ ಬೇಕಾದ ಅಕ್ರಿಲೋನೈಟ್ರೈಲ್ ತಯಾರಿಸುವಾಗ ಜೊತೆಗೆ ಹುಟ್ಟುವ ಉಪಉತ್ಪನ್ನ ಅದು. ಆರ್ಥಿಕ ಕುಸಿತದಿಂದ ಕಾರು ಕೊಳ್ಳುವವರಿಲ್ಲ, ಬೀಜಿಂಗ್ ಒಲಿಂಪಿಕ್ಸಿನ ಗಾಳಿ ಶುದ್ಧವಾಗಿರಲೆಂದು ಕಾರ್ಖಾನೆಗಳು ಬಂದ್, ಟೆಕ್ಸಸ್‌ನಲ್ಲಿ ಐಕ್ ಚಂಡಮಾರುತ. ಎಲ್ಲ ಸೇರಿ ಆಹಾರ ಪರೀಕ್ಷಿಸುವವನ ಕೈಯ ಬಾಟಲಿ ಖಾಲಿ. ಹಿಲಿಕ್‌ಗೆ ಈ ದ್ರಾವಕ ಧಾರಾಳವಾಗಿ ಬೇಕು. ವೆಚ್ಚದ ಮಾತು ಬಂದಾಗ ಲ್ಯಾಬಿನವರು ಮುಖ ಸಿಂಡರಿಸುವುದು ಇದಕ್ಕೇ.

ಹಿಲಿಕ್‌ನ ಹಟಮಾರಿತನ ಬೇರೆ. ಕಾಲಂ ಮೇಲೆ ನೀರಿನ ಪದರ ಸರಿಯಾಗಿ ಕೂರಲು ಹೊತ್ತು ಹಿಡಿಯುತ್ತದೆ. ಒಂದು ಪರೀಕ್ಷೆ ಮುಗಿಸಿ ಇನ್ನೊಂದಕ್ಕೆ ಅವಸರ ಮಾಡಿದರೆ ಅಣು ನಿನ್ನೆ ಬಂದ ಹೊತ್ತಿಗೆ ಇವತ್ತು ಬರುವುದಿಲ್ಲ. ಹಣ್ಣಿನ ಸಾರವನ್ನು ನೀರಿನಲ್ಲೇ ಬಿಟ್ಟರೆ ಆ ನೀರು ಕಾಲಂನ ಪದರವನ್ನೇ ಕದಡುತ್ತದೆ. ಅಸಿಟೋನೈಟ್ರೈಲ್ ಬೆರೆಸಿ ಬಿಡೋಣವೆಂದರೆ ಸಕ್ಕರೆ, ಲವಣ ಗಟ್ಟಿಯಾಗಿ ಕೆಳಗೆ ಕೂರುತ್ತವೆ. ದ್ರಾವಕದ ಆಮ್ಲೀಯತೆ ಕೊಂಚ ಹೆಚ್ಚುಕಡಿಮೆಯಾದರೂ ಆವೇಶ ಬದಲಾಗಿ ಲೆಕ್ಕ ತಪ್ಪುತ್ತದೆ. ಸ್ಟ್ರೆಪ್ಟೊಮೈಸಿನ್ ಬಳಗಕ್ಕೆ ಗಾಜಿನ ಮೇಲೂ ಮೋಹ. ಗಾಜಿನ ಶೀಶೆಯಲ್ಲಿ ಇಟ್ಟರೆ ಅರೆಪಾಲು ಗೋಡೆಗೇ ಅಂಟಿ ಕಳೆದುಹೋಗಬಹುದೆಂದು ಪ್ಲಾಸ್ಟಿಕ್ ಕೊಳವೆಗಳನ್ನೇ ಬಳಸುತ್ತಾರೆ. ಸಿ-18ರಲ್ಲಿ ಗುಂಡಿ ಒತ್ತಿ ಮನೆಗೆ ಹೋಗುವ ಅಭ್ಯಾಸವಿದ್ದವರಿಗೆ ಇದು ತಲೆನೋವಿನ ಕೆಲಸ. ಇಷ್ಟೆಲ್ಲ ಕಷ್ಟವನ್ನು ದಾಟುವ ಬದಲು ಪಟ್ಟಿಯಿಂದ ಆ ಹೆಸರನ್ನು ಬಿಟ್ಟುಬಿಡುವುದು ಸುಲಭ. ಬಿಟ್ಟದ್ದು ವರದಿ ಓದುವವನಿಗೆ ತಿಳಿಯುವುದೂ ಇಲ್ಲ.

ಪಟ್ಟಿಯಾಚೆ ಉಳಿಯುವುದು ಸ್ಟ್ರೆಪ್ಟೊಮೈಸಿನ್ ಒಂದೇ ಅಲ್ಲ. ಬಹಾರ್, ಅಂದರೆ ಹೂವಿನ ಹಂಗಾಮು, ತರಿಸುವ ಮುಂಚೆ ದಾಳಿಂಬೆ ಗಿಡವನ್ನು ಬೋಳಿಸಲು ಎಥ್ರೆಲ್ ಹೊಡೆಯುತ್ತಾರಲ್ಲ, ಅದರಲ್ಲಿರುವ ಎಥೆಫಾನ್ ನೀರಿನ ಬಳಗ. ಹೂ ಬಿಡುವುದಕ್ಕೂ ಮುಂಚೆ ಹೊಡೆಯುವುದರಿಂದ ಕೊಯ್ಲಿನ ಹೊತ್ತಿಗೆ ಅದರ ಚಿಂತೆ ಕಡಿಮೆ. ಹಣ್ಣು ಮಾಗಿಸಲು ಬಳಸಿದರೆ ಮಾತು ಬೇರೆ. ಬದುವಿನ ಕಳೆಗೆ ಹೊಡೆಯುವ ಗ್ಲೈಫೋಸೇಟ್ ನೀರಿನ ಬಳಗ. ಪ್ಯಾರಾಕ್ವಾಟ್ ಅಂತೂ ಆವೇಶದ ಮುದ್ದೆ. ಇವುಗಳಲ್ಲಿ ಕೆಲವಕ್ಕೆ ಹಿಲಿಕ್, ಕೆಲವಕ್ಕೆ ಅದರ ಸೋದರ ವಿಧಾನಗಳು ಬೇಕು. ಎಲ್ಲವಕ್ಕೂ ಬೇರೆ ತಯಾರಿ, ಬೇರೆ ಕಾಲಂ, ಬೇರೆ ಶುಲ್ಕ. ನಮ್ಮ ಕಡೆ ಅತಿ ಹೆಚ್ಚು ಮಾರಾಟವಾಗುವ ಕಳೆನಾಶಕವೊಂದು ಮಾಮೂಲಿ ಶೇಷ ಪರೀಕ್ಷೆಯ ಕಣ್ಣಿಗೇ ಬೀಳುವುದಿಲ್ಲ ಎಂದರೆ ಪರೀಕ್ಷೆ ಮಾಡಿಸಿದ ಸಮಾಧಾನಕ್ಕೆ ಅರ್ಥವೇನು?

ಒಳ್ಳೆಯದನ್ನು ಹುಡುಕಲೂ ಇದೇ ಕಾಲಂ ಬರುತ್ತದೆ ಎಂಬುದನ್ನು ಹೇಳದೆ ಹೋದರೆ ಅನ್ಯಾಯ. ನಾಲಿಗೆಗೆ ರುಚಿ ಕೊಡುವುದರಲ್ಲಿ ಬಹಳಷ್ಟು ನೀರಿನಲ್ಲಿ ಕರಗುವಂಥದ್ದೇ. ದಾಳಿಂಬೆಯ ಗ್ಲೂಕೋಸ್, ಫ್ರಕ್ಟೋಸ್, ಸಿಟ್ರಿಕ್ ಆಮ್ಲ. ತುಮಕೂರಿನ ಮಾರುಕಟ್ಟೆಗೆ ಮೂಟೆಗಟ್ಟಲೆ ಬರುವ ಹುಣಸೆಯ ಟಾರ್ಟಾರಿಕ್ ಆಮ್ಲ. ಬಿ ಗುಂಪಿನ ಜೀವಸತ್ವಗಳು, ಸಿ ಜೀವಸತ್ವ, ಅಮೈನೊ ಆಮ್ಲಗಳು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಆರಂಭವಾದ ಕಾಲದಲ್ಲಿ ಇವನ್ನೆಲ್ಲ ಸೋಸುವ ಕಾಗದದ ಮೇಲೆ ಗಂಟೆಗಟ್ಟಲೆ ಹರಿಸಿ, ಬಣ್ಣ ಬರಿಸಿ ಗುರುತಿಸುವುದು ಜಗತ್ತಿನೆಲ್ಲೆಡೆ ರೂಢಿಯಾಗಿತ್ತು. ಆ ಕಾಗದದ ವಿಧಾನವೂ ಮಾರ್ಟಿನ್ನರ ತಂಡದ್ದೇ, 1944ರದು. ಕಾಗದದ ನಾರು ಹಿಡಿದಿಟ್ಟ ನೀರೇ ಅಲ್ಲಿಯೂ ಕೆಲಸ ಮಾಡುತ್ತಿತ್ತು.

ಮತ್ತೆ ತೋಟಕ್ಕೆ ಬರೋಣ. ಸ್ಟ್ರೆಪ್ಟೊಮೈಸಿನ್ ಹಣ್ಣಿನಲ್ಲಿ ಕಿಂಚಿತ್ ಉಳಿದರೆ ತಿಂದವರಿಗೆ ತಕ್ಷಣ ಏನೋ ಆಗಿಬಿಡುತ್ತದೆ ಎಂದು ನಾನು ಹೆದರಿಸಲಾರೆ. ಬಾಯಿಂದ ಕೊಟ್ಟರೆ ಆ ಮದ್ದು ಕರುಳಿನಿಂದ ರಕ್ತಕ್ಕೆ ಹೆಚ್ಚೇನೂ ಹೋಗದು. ಸೂಜಿಯಲ್ಲಿ ಕೊಡುತ್ತಿದ್ದುದೇ ಅದಕ್ಕೆ. ಭಯ ಇರುವುದು ಬೇರೆಡೆ. ಬಾರಿ ಬಾರಿ ಹೊಡೆದ ಮದ್ದಿಗೆ ಎಲೆಯ ಮೇಲಿನ, ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳು ಒಗ್ಗಿಕೊಳ್ಳುತ್ತವೆ, ಒಗ್ಗಿದ ಗುಣವನ್ನು ಒಂದಕ್ಕೊಂದು ದಾಟಿಸುತ್ತವೆ. ಸ್ಟ್ರೆಪ್ಟೊಮೈಸಿನ್ನಿನ ಬಳಗವನ್ನು ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರ ಚಿಕಿತ್ಸೆಗೆ ಅತಿ ಮುಖ್ಯವಾದ ಮದ್ದುಗಳ ಗುಂಪಿನಲ್ಲಿಟ್ಟಿತ್ತು. ಕ್ಷಯದ ಲೆಕ್ಕ ಹಿಡಿಯಲು ಮನೆಮನೆ ಸುತ್ತಿದ ಜಿಲ್ಲೆಯಲ್ಲೇ ಆ ಮದ್ದನ್ನು ಡ್ರಮ್ಮಿನಲ್ಲಿ ಕಲಕುವುದು ದುಬಾರಿ ಲೆಕ್ಕಾಚಾರ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊರಡಿಸಿದ ಕರಡು ಆದೇಶ, ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಮಿಶ್ರಣವನ್ನು ಹೊಸದಾಗಿ ತಯಾರಿಸುವುದು 2022ರ ಫೆಬ್ರುವರಿ 1ರಿಂದ, ಕೃಷಿಯಲ್ಲಿ ಬಳಸುವುದು 2024ರ ಜನವರಿ 1ರಿಂದ ನಿಲ್ಲಬೇಕೆಂದು ಹೇಳಿತು.

ಮದ್ದು ಬಿಟ್ಟರೆ ರೋಗಕ್ಕೇನು ಗತಿ ಎನ್ನುವ ಪ್ರಶ್ನೆ ನ್ಯಾಯವಾದದ್ದೇ. ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಾಗಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಾಗಲಿ ಹೇಳುವ ಉಪಾಯಗಳಲ್ಲಿ ಪ್ಯಾಕೆಟ್ಟಿಗಿಂತ ದುಡಿಮೆಯೇ ಹೆಚ್ಚು. ಕೊಯ್ಲಾದ ಮೇಲೆ ಮೂರು ನಾಲ್ಕು ತಿಂಗಳು ಗಿಡಕ್ಕೆ ವಿಶ್ರಾಂತಿ, ಬಿದ್ದ ಎಲೆ ಕಾಯಿ ಆಯ್ದು ಸುಡುವುದು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆಯುವುದು, ಬೋರ್ಡೊ ದ್ರಾವಣ. ಎಲ್ಲಕ್ಕಿಂತ ಮುಖ್ಯ, ಮಳೆಗಾಲದಲ್ಲಿ ಕಾಯಿ ಬಾರದಂತೆ ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರ್ ಹಿಡಿಯುವುದು. ಬೇಸಿಗೆಯ ತುದಿಗೆ ಬೋರ್‌ವೆಲ್ ಬತ್ತುವ ಐ.ಡಿ.ಹಳ್ಳಿಯಂಥ ಕಡೆ ಇದು ಹೇಳಿದಷ್ಟು ಸುಲಭವಲ್ಲ ಎಂಬುದನ್ನು ಸಲಹೆ ಕೊಡುವವರು ಮರೆಯುತ್ತಾರೆ.

ಹೊರದೇಶಕ್ಕೆ ಹೋಗುವ ದಾಳಿಂಬೆಗೆ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ಅನಾರ್‌ನೆಟ್ ವ್ಯವಸ್ಥೆಯಿದೆ. ತೋಟ ನೋಂದಾಯಿಸಬೇಕು, ಯಾವ ದಿನ ಏನು ಹೊಡೆದೆ ಎಂದು ಬರೆದಿಡಬೇಕು, ಕೊಯ್ಲಿಗೆ ಮುಂಚೆ ಹಣ್ಣು ಪರೀಕ್ಷೆಗೆ ಹೋಗಬೇಕು. ಬೇರೆ ಮಿತಿ ಹೇಳದ ಕೀಟನಾಶಕಗಳಿಗೆಲ್ಲ ಐರೋಪ್ಯ ಒಕ್ಕೂಟ ಇಟ್ಟಿರುವ ಮಿತಿ ಕೆ.ಜಿ.ಗೆ 0.01 ಮಿಲಿಗ್ರಾಂ. ಬೆಂಗಳೂರಿಗೋ ಚೆನ್ನೈಗೋ ಹೋಗುವ ಲಾರಿಗೆ ಇದ್ಯಾವುದೂ ಇಲ್ಲ. ಆದರೂ ಇತ್ತೀಚೆಗೆ ರೈತ ಉತ್ಪಾದಕ ಸಂಘಗಳು ತಾವಾಗಿಯೇ ಮಾದರಿ ಕಳಿಸುವುದುಂಟು. ಹಾಗೆ ಕಳಿಸುವವರು ಶುಲ್ಕ ಕೇಳುವ ಮೊದಲು ಪಟ್ಟಿ ಕೇಳಬೇಕು: ನೀವು ಹುಡುಕುವ ಹೆಸರುಗಳಲ್ಲಿ ಸ್ಟ್ರೆಪ್ಟೊಮೈಸಿನ್ ಇದೆಯೇ, ಗ್ಲೈಫೋಸೇಟ್ ಇದೆಯೇ, ಎಥೆಫಾನ್ ಇದೆಯೇ? ಇಲ್ಲವೆಂದರೆ ಅವಕ್ಕೆ ಪ್ರತ್ಯೇಕ ಪರೀಕ್ಷೆ ಮಾಡುತ್ತೀರಾ? ಮಾದರಿಯ ಜೊತೆ ಔಷಧಿ ಹೊಡೆದ ಪುಸ್ತಕದ ನಕಲನ್ನೂ ಕಳಿಸಬೇಕು. ಪುಸ್ತಕದಲ್ಲಿ ಆ ಸಣ್ಣ ಪ್ಯಾಕೆಟ್ಟಿನ ಹೆಸರು ಇದ್ದರೆ ಲ್ಯಾಬಿನವರು ಕಾಲಂ ಬದಲಿಸುತ್ತಾರೆ. ಬರೆಯದೆ ಬಿಟ್ಟಿದ್ದರೆ ಸಿ-18ರಲ್ಲೇ ಮಾಮೂಲಿ ಪಟ್ಟಿ ಓಡುತ್ತದೆ, ವರದಿ ನಾಲ್ಕು ದಿನದಲ್ಲಿ ಕೈಸೇರುತ್ತದೆ.